ಕೈದೀಪಕ್ಕೆ ಕರೆಂಟ್ ಎಲ್ಲಿಂದ?

ಹ್ಯಾಂಡ್ ಲ್ಯಾಂಪ್ ಎಂದರೆ ಏನೆಂದು ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಕಡಿಮೆ. ನಮ್ಮಲ್ಲಿ ಅನೇಕರ ಅಬ್ಬಾ, ಚಾಚಾ ಅಥವಾ ಅಣ್ಣಂದಿರು ಯಾವುದೋ ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಕೆಲಸ ಮಾಡುತ್ತಾರೆ. ಅಲ್ಲಿ ಮೊಳೆಗೆ ನೇತುಹಾಕಿರುವ ಆ ದೀಪವನ್ನು ನೀವು ನೋಡಿರುತ್ತೀರಿ. ಕೈಗೆ ಒಂದು ಹಿಡಿ, ಬಲ್ಬಿನ ಸುತ್ತ ತಂತಿಯ ಜಾಲರಿ, ಮೇಲೆ ಒಂದು ಕೊಕ್ಕೆ, ಹಿಂದೆ ಉದ್ದನೆಯ ವೈರು. ಲಾರಿಯ ಕೆಳಗೆ ಮಲಗುವವರು, ಟ್ಯಾಂಕಿನೊಳಗೆ ಹೋಗುವವರು, ಲಿಫ್ಟಿನ ಗುಂಡಿಗೆ ಇಳಿಯುವವರು ಎಲ್ಲರೂ ಅದನ್ನು ಹಿಡಿದೇ ಹೋಗುತ್ತಾರೆ. ಸಣ್ಣ ವಸ್ತು, ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ನಮ್ಮ ಮನೆಯವರು ಮಾತ್ರ ಕಳೆದ ಎರಡು ವರ್ಷಗಳಿಂದ ಯೋಚಿಸುತ್ತಿದ್ದೇವೆ. ಯಾಕೆಂದು ಇಲ್ಲಿ ಬರೆದಿದ್ದೇನೆ.

ನಮ್ಮ ಅಬ್ಬಾ ಫ್ಯಾಬ್ರಿಕೇಶನ್ ಕೆಲಸದವರು. ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆ ಶೆಡ್ಡು ಇಟ್ಟುಕೊಂಡಿದ್ದಾರೆ. ಅಬ್ಬಾ, ನನ್ನ ಮಾಮು, ಕೆಜಿಎಫ್ ಕಡೆಯ ಒಬ್ಬರು ಅಂಕಲ್, ಇಬ್ಬರು ಹೆಲ್ಪರ್ ಹುಡುಗರು, ಇಷ್ಟೇ ಜನ. ಕಬ್ಬಿಣದ ಟ್ಯಾಂಕು, ಪೈಪು, ಸ್ಟ್ಯಾಂಡು ಮಾಡುತ್ತಾರೆ. ಹಳೆಯ ಟ್ಯಾಂಕು ಸೋರಿದರೆ ಆಯಾ ಫ್ಯಾಕ್ಟರಿಗೇ ಹೋಗಿ ರಿಪೇರಿ ಮಾಡಿಕೊಡುತ್ತಾರೆ. ಭಾನುವಾರ ಕೂತು ಬಿಲ್ ಬುಕ್ಕು ಬರೆಯುವುದು ನನ್ನ ಕೆಲಸ. ಮನೆಯಲ್ಲಿ ನಾವು ಉರ್ದು ಮಾತಾಡಿದರೂ ಶೆಡ್ಡಿನ ಮಾತೆಲ್ಲ ಕನ್ನಡದಲ್ಲೇ. ಹಾಗಾಗಿ ಬಿಲ್ಲಿನ ಹಿಂದೆ ಅಬ್ಬಾ ಬರೆಸುವ ಲೆಕ್ಕವೂ ಕನ್ನಡದಲ್ಲೇ ಇರುತ್ತದೆ.

ಪೀಣ್ಯವನ್ನು ಮೆಟ್ರೋದಿಂದ ನೋಡುವವರಿಗೆ ಶೀಟಿನ ಛಾವಣಿಗಳು ಮಾತ್ರ ಕಾಣುತ್ತವೆ. ಆ ಛಾವಣಿಗಳ ಕೆಳಗೆ ದೊಡ್ಡ ಇತಿಹಾಸವಿದೆ. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಅವುಗಳ ನೆರೆಯಲ್ಲಿ ಸಣ್ಣ ಕೈಗಾರಿಕೆಗಳು ಬೆಳೆದವು. 1975ರ ಏಪ್ರಿಲ್ 19ರಂದು ಆಕಾಶಕ್ಕೆ ಹೋದ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದೂ ಪೀಣ್ಯದ ಶೆಡ್ಡುಗಳಲ್ಲೇ. ಅಲ್ಲಿಯೂ ಯಾರಾದರೂ ಒಬ್ಬರು ಕೈದೀಪ ಹಿಡಿದು ಬಗ್ಗಿ ನೋಡಿರಲೇಬೇಕು ಎಂದು ನನಗೆ ಅನ್ನಿಸುತ್ತದೆ.

ಮೇಲೆ ಟ್ಯೂಬ್‌ಲೈಟ್ ಇರುವಾಗ ಕೈದೀಪ ಯಾಕೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅಬ್ಬಾ ಒಂದು ವೆಲ್ಡಿಂಗ್ ತುಂಡನ್ನು ತಂದು ತೋರಿಸಿದರು. ಮೇಲಿನ ಬೆಳಕಿನಲ್ಲಿ ಅದು ನುಣ್ಣಗೆ, ಸರಿಯಾಗಿಯೇ ಕಂಡಿತು. ಆಮೇಲೆ ಕೈದೀಪವನ್ನು ತುಂಡಿನ ಪಕ್ಕಕ್ಕೆ ತಂದು ಬೆಳಕು ಅದರ ಮೈಮೇಲೆ ಓರೆಯಾಗಿ ಬೀಳುವಂತೆ ಹಿಡಿದರು. ಕೂದಲೆಳೆಯಷ್ಟು ಸಣ್ಣ ಬಿರುಕು ಕಪ್ಪು ಗೆರೆಯಾಗಿ ಎದ್ದು ಕಂಡಿತು. ಬಿರುಕಿನ ಒಂದು ಅಂಚಿನ ನೆರಳು ಇನ್ನೊಂದು ಅಂಚಿನ ಮೇಲೆ ಬಿದ್ದಾಗ ಕಣ್ಣಿಗೆ ಅದು ಸಿಗುತ್ತದೆ. ವಸ್ತುವಿನಿಂದ ಹೊರಟ ಬೆಳಕು ಕಣ್ಣಿಗೆ ಬಂದರೆ ಮಾತ್ರ ನಾವು ನೋಡುತ್ತೇವೆ ಎಂದು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಅಲ್-ಹೈಥಮ್ ವಿವರಿಸಿದ್ದರೆಂದು ನಾವು ಓದಿದ್ದೇವೆ. ಅಬ್ಬಾ ಆ ಪುಸ್ತಕ ಓದಿದವರಲ್ಲ. ಆದರೆ ದೀಪ ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಎಲ್ಲಿಂದ ಹಿಡಿದಿದ್ದೀರಿ ಎನ್ನುವುದು ಮುಖ್ಯ ಎಂದು ಅವರ ಕೈಗೆ ಗೊತ್ತು.

ಟ್ಯೂಬ್‌ಲೈಟ್‌ನದು ಇನ್ನೊಂದು ತೊಂದರೆ. ನಮ್ಮ ಕರೆಂಟ್ 50 ಹರ್ಟ್ಸ್ ಎಸಿ ಆದ್ದರಿಂದ, ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಲೇತ್ ಯಂತ್ರದಲ್ಲಿ ಮೂರು ದವಡೆಯ ಚಕ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ಸರಿಯಾಗಿ ಮೂರನೇ ಒಂದು ಸುತ್ತು ಮುಗಿಸಿರುತ್ತದೆ. ಪ್ರತಿ ಮಿನುಗಿಗೂ ಒಂದು ದವಡೆ ಇದ್ದ ಜಾಗದಲ್ಲಿ ಮತ್ತೊಂದು ದವಡೆ ಬಂದು ನಿಂತಿರುತ್ತದೆ. ನೋಡುವವರಿಗೆ ಚಕ್ ನಿಂತೇ ಇದೆ ಎನ್ನಿಸಬಹುದು. ಹಾಗೆ ನಂಬಿ ಕೈ ಹಾಕಿದರೆ ಕೈ ಹೋಯಿತು. ಅದಕ್ಕೇ ಲೇತಿನ ಪಕ್ಕದಲ್ಲಿ ತಂತಿ ಕಾಯುವ ಹಳೆಯ ಬಲ್ಬನ್ನು ಇಡುತ್ತಿದ್ದರು. ಆ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲ, ಹಾಗಾಗಿ ಅಷ್ಟು ಮಿನುಗುವುದೂ ಇಲ್ಲ. ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ನೇರವಾಗಿ ಉರಿಯುವ ದೀಪ ಮಿನುಗುವುದೇ ಇಲ್ಲ. ಒಂದು ದೀಪಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅದರ ಕರೆಂಟಿನಲ್ಲಿದೆ ಎನ್ನುವುದು ನನಗೆ ಮೊದಲು ಹೊಳೆದದ್ದು ಇಲ್ಲಿ.

ಅಬ್ಬಾ ತಮ್ಮ ಕೆಲಸದಲ್ಲಿ ಬಳಸಿದ ಮೊದಲ ಕೈದೀಪ ಬ್ಯಾಟರಿಯದೇ. ಮದುವೆಗೆ ಮುಂಚೆ ಅವರು ಯಶವಂತಪುರದ ಟ್ರಕ್ ಟರ್ಮಿನಲ್ ಹತ್ತಿರ ಲಾರಿ ಮೆಕ್ಯಾನಿಕ್ ಆಗಿದ್ದರು. ಲಾರಿಯ ಬ್ಯಾಟರಿಗೆ ಎರಡು ಕ್ಲಿಪ್ಪು ಕಚ್ಚಿಸಿದರೆ ದೀಪ ಉರಿಯುತ್ತಿತ್ತು. ಕಾರಿನದು 12 ವೋಲ್ಟ್, ದೊಡ್ಡ ಲಾರಿಯದು ಎರಡು ಬ್ಯಾಟರಿ ಸೇರಿ 24 ವೋಲ್ಟ್. ಬಲ್ಬು ಅದಲುಬದಲಾದರೆ ಕಾರಿನ ಬಲ್ಬು ಲಾರಿಯಲ್ಲಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಈ ದೀಪದಿಂದ ಯಾರಿಗೂ ಶಾಕ್ ಹೊಡೆದದ್ದನ್ನು ಅಬ್ಬಾ ನೋಡಿಲ್ಲ. ಅದರ ಅಪಾಯ ಬೇರೆ. ಚಾರ್ಜ್ ಆಗುವಾಗ ಲೆಡ್-ಆ್ಯಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕ್ಲಿಪ್ಪು ಕಚ್ಚಿಸುವಾಗ ಕಿಡಿ ಹಾರಿದರೆ ಬ್ಯಾಟರಿ ಒಡೆದು ಆ್ಯಸಿಡ್ ಮುಖಕ್ಕೆ ಸಿಡಿಯಬಹುದು. ಅದಕ್ಕೇ ಮೊದಲು ಕೆಂಪು ಕ್ಲಿಪ್ಪನ್ನು ಪಾಸಿಟಿವ್‌ಗೆ ಹಾಕಿ, ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದಲ್ಲಿ ಚಾಸಿಯ ಕಬ್ಬಿಣಕ್ಕೆ ಹಾಕಬೇಕು. ಇನ್ನೊಂದು ಕಷ್ಟವೆಂದರೆ ರಾತ್ರಿಯೆಲ್ಲ ದೀಪ ಉರಿಸಿದರೆ ಬೆಳಿಗ್ಗೆ ಲಾರಿ ಸ್ಟಾರ್ಟ್ ಆಗುವುದಿಲ್ಲ. ಡ್ರೈವರಿನ ಬೈಗುಳ ಗ್ಯಾರಂಟಿ.

ಶೆಡ್ಡಿನ ಕೆಲಸಕ್ಕೆ ಬಂದಾಗ ಲಾರಿ ಇಲ್ಲ, ಬ್ಯಾಟರಿ ಇಲ್ಲ. ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇದೆ. ಹೋಲ್ಡರು, ಜಾಲರಿ, 230 ವೋಲ್ಟಿನ ಬಲ್ಬು, ಹದಿನೈದು ಮೀಟರ್ ವೈರು ಸೇರಿಸಿದರೆ ದೀಪ ತಯಾರು. ಪೀಣ್ಯದಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಹೆಚ್ಚಾಗಿ ಕಾಣುವುದು ಇದೇ. ಅಗ್ಗ, ಎಷ್ಟು ಹೊತ್ತಾದರೂ ಉರಿಯುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಒಣ ನೆಲದ ಮೇಲೆ, ವೈರು ಹೊಸದಾಗಿರುವಾಗ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಏನೂ ಆಗುವುದಿಲ್ಲ ಎನ್ನುವುದೇ ಅದರ ಮೋಸ.

ಎರಡು ವರ್ಷದ ಹಿಂದೆ ರಂಜಾನ್ ತಿಂಗಳ ಕೊನೆಯ ವಾರ ಒಂದು ಫ್ಯಾಕ್ಟರಿಯಿಂದ ಟ್ಯಾಂಕ್ ರಿಪೇರಿಯ ಕೆಲಸ ಬಂತು. ಈದ್‌ಗೆ ಮುಂಚೆ ಮುಗಿಸಿದರೆ ಹಣ ಕೈಗೆ ಬರುತ್ತಿತ್ತು. ಬಿಸಿಲು ಜೋರಾಗಿತ್ತು. ಮಾಮು ರೋಜಾದಲ್ಲೇ ಟ್ಯಾಂಕಿನೊಳಗೆ ಇಳಿದು ಹಳೆಯ ವೆಲ್ಡಿಂಗ್ ಉಜ್ಜುತ್ತಿದ್ದರು. ದೀಪ ಆ ಫ್ಯಾಕ್ಟರಿಯವರದೇ, 230 ವೋಲ್ಟಿನದು. ಟ್ಯಾಂಕಿನ ಬಾಯಿಯ ಕಬ್ಬಿಣದ ಅಂಚಿಗೆ ವೈರು ಉಜ್ಜಿ ಉಜ್ಜಿ ಒಂದು ಕಡೆ ಸಿಪ್ಪೆ ಹೋಗಿತ್ತು. ದೀಪವನ್ನು ಹತ್ತಿರಕ್ಕೆ ಎಳೆದುಕೊಳ್ಳುವಾಗ ಮಾಮು ಅವರ ಬೆವರಿದ ಕೈ ಆ ಜಾಗವನ್ನು ಹಿಡಿಯಿತು. ಬೆನ್ನು ಟ್ಯಾಂಕಿನ ಕಬ್ಬಿಣಕ್ಕೆ ಒರಗಿತ್ತು.

ಹೊರಗಿದ್ದ ಅಬ್ಬಾಗೆ ಕೂಗು ಕೇಳಿಸಲಿಲ್ಲ. ಎಸಿ ಕರೆಂಟ್ ಹಿಡಿದಾಗ ಮಾಂಸಖಂಡಗಳು ಬಿಗಿದುಕೊಳ್ಳುತ್ತವೆ, ಕೈ ತಾನಾಗಿ ಬಿಡಲಾಗುವುದಿಲ್ಲ, ಎಷ್ಟೋ ಸಲ ಧ್ವನಿಯೂ ಹೊರಡುವುದಿಲ್ಲ. ಅವರಿಗೆ ಕೇಳಿಸಿದ್ದು ಗ್ರೈಂಡರ್ ಬಿದ್ದ ಸದ್ದು. ಒಬ್ಬ ಹುಡುಗ ಒಳಗೆ ನುಗ್ಗಿ ಮಾಮು ಅವರನ್ನು ಎಳೆಯಲು ಹೊರಟನು. ಅಬ್ಬಾ ಅವನ ಕಾಲರ್ ಹಿಡಿದು ಹಿಂದಕ್ಕೆ ತಳ್ಳಿ, ಓಡಿಹೋಗಿ ಪ್ಲಗ್ ಕಿತ್ತರು. ಆಮೇಲೆಯೇ ಒಳಗೆ ಇಳಿದರು. ಅವನು ಮೊದಲು ಮುಟ್ಟಿದ್ದರೆ ಇಬ್ಬರೂ ಅಂಟಿಕೊಳ್ಳುತ್ತಿದ್ದರು. ಮೊದಲು ಪ್ಲಗ್, ಆಮೇಲೆ ಮನುಷ್ಯ. ಇದನ್ನು ಓದುವವರು ಬೇರೇನು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಅಲ್ಲಾಹನ ದಯೆಯಿಂದ ಮಾಮು ಬದುಕಿದರು. ಅಂಗೈ ಸುಟ್ಟಿತ್ತು, ಭುಜ ಜಾರಿತ್ತು. ಎರಡು ತಿಂಗಳು ಕೆಲಸವಿಲ್ಲ. ಬಲಗೈಯ ಎರಡು ಬೆರಳುಗಳಿಗೆ ಇಂದಿಗೂ ಸರಿಯಾಗಿ ಸ್ಪರ್ಶ ತಿಳಿಯುವುದಿಲ್ಲ. ಆ ವರ್ಷದ ಈದ್ ದಿನ ಮಾಮಿ ಅವರಿಗೆ ತಮ್ಮ ಕೈಯಿಂದಲೇ ಸೇಮ್ಯಾ ತಿನ್ನಿಸಿದರು. ಯಾರೂ ಹೆಚ್ಚು ಮಾತಾಡಲಿಲ್ಲ.

ನಾನು ಆಗ ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿದ್ದೆ. ರಜೆ ಮುಗಿದು ಕಾಲೇಜು ಶುರುವಾದಾಗ ನಮ್ಮ ಫಿಸಿಕ್ಸ್ ಮೇಡಂ ಓಮ್‌ನ ನಿಯಮವನ್ನು ಮತ್ತೆ ಪಾಠ ಮಾಡಿದರು. ಹತ್ತನೇ ತರಗತಿಯಿಂದ ಓದಿದ ಸೂತ್ರವೇ. ಆದರೆ ಅವತ್ತು ನಾನು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಮಾಮು ಅವರ ಲೆಕ್ಕ ಹಾಕಿದೆ. ಒಣ ಚರ್ಮದ ರೋಧ ಬಹಳ ಹೆಚ್ಚು, ಬೆವರಿದ ಚರ್ಮದ್ದು ಬಹಳ ಕಡಿಮೆ. ಬೆವರಿದ ದೇಹದ ರೋಧ 2000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು 2000ದಿಂದ ಭಾಗಿಸಿದರೆ 0.115 ಆ್ಯಂಪಿಯರ್, ಅಂದರೆ 115 ಮಿಲಿಆ್ಯಂಪಿಯರ್. ಅಷ್ಟು ಕರೆಂಟ್ ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಿ ನಿಲ್ಲಬಹುದು. ಮನುಷ್ಯರನ್ನು ಕಾಪಾಡಲು ಬೋರ್ಡಿನಲ್ಲಿ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆ್ಯಂಪಿಯರ್‌ಗೇ ಲೈನನ್ನು ಕತ್ತರಿಸುತ್ತದೆ. ಮಾಮು ಕೆಲಸ ಮಾಡುತ್ತಿದ್ದ ಬೋರ್ಡಿನಲ್ಲಿ ಅದು ಇರಲಿಲ್ಲ. ಈಗ ಅದೇ 2000 ಓಮ್‌ಗೆ 24 ವೋಲ್ಟ್ ಹಾಕಿ ನೋಡಿ. 12 ಮಿಲಿಆ್ಯಂಪಿಯರ್. ಕೈ ಜುಮ್ಮೆನ್ನುತ್ತದೆ, ನೋವಾಗುತ್ತದೆ, ಬೆಚ್ಚಿಬೀಳುತ್ತೇವೆ. ಆದರೆ ಮನೆಗೆ ಬರುವ ಸಾಧ್ಯತೆ ಎಷ್ಟೋ ಹೆಚ್ಚು.

ಲೆಕ್ಕವನ್ನು ಮೇಡಂಗೆ ತೋರಿಸಿದೆ. ಅವರು ನೋಡಿ, "ಇದು ಕಾನೂನಿನಲ್ಲೇ ಇದೆ ಕಣಮ್ಮ" ಎಂದರು. ಮರುದಿನ 1948ರ ಕಾರ್ಖಾನೆಗಳ ಕಾಯ್ದೆಯ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ತಂದುಕೊಟ್ಟರು. 36ಎ ಸೆಕ್ಷನ್. ಟ್ಯಾಂಕು, ಗುಂಡಿ, ಪೈಪು ಮುಂತಾದ ಇಕ್ಕಟ್ಟಿನ ಜಾಗದೊಳಗೆ ತಕ್ಕ ಸುರಕ್ಷತಾ ಸಾಧನಗಳಿಲ್ಲದೆ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಬಳಸಬಾರದು ಎಂದು ಅದರಲ್ಲಿತ್ತು. ಬೆಂಕಿ ಹತ್ತುವ ಅನಿಲ, ಹೊಗೆ ಅಥವಾ ಧೂಳು ಇರಬಹುದಾದ ಕಡೆ ಫ್ಲೇಮ್‌ಪ್ರೂಫ್ ದೀಪ ಬಿಟ್ಟು ಬೇರೆ ದೀಪ ಒಯ್ಯಬಾರದು ಎಂದೂ ಇತ್ತು. ನಮ್ಮಂಥ ಸಣ್ಣ ಶೆಡ್ಡುಗಳು ಆ ಕಾಯ್ದೆಯ ಲೆಕ್ಕಕ್ಕೆ ಬಾರದೆ ಇದ್ದಿರಬಹುದು. ಆದರೆ ಶೆಡ್ಡಿನಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕರೆಂಟ್ ಎಣಿಸಿ ನೋಡುವುದಿಲ್ಲ.

ಆ ಪುಟವನ್ನು ನಾನು ಶೆಡ್ಡಿನಲ್ಲಿ ಜೋರಾಗಿ ಓದಿದೆ. ಅಬ್ಬಾ ಸುಮ್ಮನೆ ಕೇಳಿಸಿಕೊಂಡರು. ಮಾತಾಡಿದವರು ಕೆಜಿಎಫ್ ಅಂಕಲ್. "ನಮಗೆ ಇದೆಲ್ಲ ಗೊತ್ತಿತ್ತು ಭಾಯ್, ಗಣಿ ಬಿಟ್ಟು ಬಂದ ಮೇಲೆ ಮರೆತುಬಿಟ್ಟೆವು" ಎಂದರು. ಅವರು ಯುವಕರಾಗಿದ್ದಾಗ ಕೋಲಾರ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ, ಅಲ್ಲಿನ ಎಷ್ಟೋ ಜನರಂತೆ ಅವರೂ ಬೆಂಗಳೂರಿನ ರೈಲು ಹತ್ತಿದರು.

ಕೈದೀಪದ ಕಥೆ ನಿಜವಾಗಿ ಶುರುವಾಗುವುದು ಗಣಿಗಳಲ್ಲಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ 1902ರಲ್ಲಿ ಮೊದಲು ಹೋದದ್ದು ಬೆಂಗಳೂರಿಗಲ್ಲ, ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು 1905ರಲ್ಲಿ. ಆದರೆ ಕರೆಂಟ್ ಬಂದ ಮಾತ್ರಕ್ಕೆ ಕಲ್ಲು ಕೊರೆಯುವವನ ಕೈವರೆಗೆ ವೈರು ಎಳೆಯಲಾಗುವುದಿಲ್ಲ. ಅದಕ್ಕೇ ಪ್ರಪಂಚದ ಗಣಿಗಳಲ್ಲಿ ಜನ ಮೊದಲು ಮೇಣದಬತ್ತಿ ಒಯ್ದರು, ಆಮೇಲೆ ಕಾರ್ಬೈಡ್ ದೀಪ. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಬರುತ್ತದೆ ಎಂದು ಕೆಮಿಸ್ಟ್ರಿಯಲ್ಲಿ ಓದುತ್ತೇವಲ್ಲ, ಅದೇ ಅನಿಲ ಆ ದೀಪದಲ್ಲಿ ಉರಿಯುತ್ತಿತ್ತು. ಕಲ್ಲಿದ್ದಲ ಗಣಿಯಲ್ಲಿ ಹೀಗೆ ಬೆಂಕಿ ಒಯ್ಯುವುದು ಸಾವನ್ನು ಒಯ್ದಂತೆ, ಅಲ್ಲಿ ಮೀಥೇನ್ ಇರುತ್ತದೆ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಮೂರು ವರ್ಷದ ನಂತರ, 1815ರಲ್ಲಿ, ಹಂಫ್ರಿ ಡೇವಿ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಯ ಬಲೆ ಹಾಕಿದ ದೀಪ ಮಾಡಿದರು. ಬಲೆ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗಿನ ಬೆಂಕಿ ಹೊರಗಿನ ಅನಿಲಕ್ಕೆ ತಲುಪುವುದಿಲ್ಲ.

ಅಂಕಲ್ ಕಾಲಕ್ಕೆ ತಲೆಯ ಮೇಲೆ ದೀಪ, ಸೊಂಟಕ್ಕೆ ಬ್ಯಾಟರಿ. ಅಂಥ ಬ್ಯಾಟರಿ ಬರೀ 4 ವೋಲ್ಟ್. ಗಣಿಗಳಲ್ಲಿ ದೀಪಕ್ಕೆಂದೇ ಒಂದು ಕೋಣೆ ಇರುತ್ತದೆ. ನಂಬರು ಹಾಕಿದ ದೀಪವನ್ನು ಪಡೆದು ಇಳಿಯುತ್ತಾರೆ, ಮೇಲೆ ಬಂದು ಅದನ್ನು ವಾಪಸು ಕೊಡುತ್ತಾರೆ. ಪಾಳಿ ಮುಗಿದ ಮೇಲೂ ಒಂದು ದೀಪದ ಜಾಗ ಖಾಲಿ ಇದ್ದರೆ, ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. "ಟ್ಯಾಂಕಿನೊಳಗೆ ಹೋದವನನ್ನು ಇಲ್ಲಿ ಯಾರು ಲೆಕ್ಕ ಇಡುತ್ತಾರೆ ಹೇಳು" ಎಂದು ಅಂಕಲ್ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮುಂದಿನ ಸೋಮವಾರ ಅಬ್ಬಾ ಎಸ್.ಪಿ. ರಸ್ತೆಗೆ ಹೋಗಿ 230ರಿಂದ 24 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದರು. ದುಡ್ಡು ಅಮ್ಮಿ ಕೊಟ್ಟರು. ಈದ್‌ಗೆಂದು ಎತ್ತಿಟ್ಟ ಬಟ್ಟೆಯ ಹಣ ಹಾಗೇ ಉಳಿದಿತ್ತು. "ಬಟ್ಟೆ ಬಕ್ರೀದ್‌ಗೆ ಹೊಲಿಸಿದರಾಯಿತು" ಎಂದರು. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಎರಡು ಸುರುಳಿಗಳು ಬೇರೆ ಬೇರೆ ಇರುವುದನ್ನೇ ಕೇಳಿ ತರಬೇಕು. ಒಂದೇ ಸುರುಳಿಯಿಂದ ಕವಲು ತೆಗೆದ ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಗೋಡೆಯ ಕರೆಂಟಿಗೂ ದೀಪಕ್ಕೂ ನೇರ ಸಂಬಂಧ ಉಳಿದಿರುತ್ತದೆ, ಏನಾದರೂ ಕೆಟ್ಟರೆ 230 ವೋಲ್ಟ್ ಹಾಗೇ ಕೈಗೆ ಬರಬಹುದು. ಇನ್ನೊಂದು ಮಾತು, ಟ್ರಾನ್ಸ್‌ಫಾರ್ಮರನ್ನು ಯಾವಾಗಲೂ ಟ್ಯಾಂಕಿನ ಹೊರಗೆ ಇಡಬೇಕು. ಒಳಗೆ ತೆಗೆದುಕೊಂಡು ಹೋದರೆ ಅದರ ಜೊತೆ 230 ವೋಲ್ಟಿನ ವೈರೂ ಒಳಗೆ ಬಂದಂತಾಯಿತು, ತಂದದ್ದೇ ವ್ಯರ್ಥ.

ಮೊದಲ ದಿನ ದೀಪ ಮಂಕಾಗಿ ಉರಿಯಿತು. ಹುಡುಗರು ನಕ್ಕರು. ಅದಕ್ಕೂ ಕಾರಣ ನಮ್ಮ ಪುಸ್ತಕದಲ್ಲೇ ಇದೆ. 60 ವ್ಯಾಟ್ ಬಲ್ಬು 230 ವೋಲ್ಟಿನಲ್ಲಿ ಕಾಲು ಆ್ಯಂಪಿಯರಿನಷ್ಟು ಎಳೆದರೆ, 24 ವೋಲ್ಟಿನಲ್ಲಿ ಎರಡೂವರೆ ಆ್ಯಂಪಿಯರ್ ಎಳೆಯುತ್ತದೆ. ಉದ್ದನೆಯ ತೆಳು ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಅಬ್ಬಾ ದಪ್ಪ ವೈರು ಹಾಕಿದರು, ಬಲ್ಬಿನ ಜಾಗದಲ್ಲಿ 24 ವೋಲ್ಟಿನ 10 ವ್ಯಾಟ್ ಎಲ್‌ಇಡಿ ಹಾಕಿದರು. ಅದು ಅರ್ಧ ಆ್ಯಂಪಿಯರನ್ನೂ ಕೇಳುವುದಿಲ್ಲ. ಬೆಳಕು ಹಳೆಯ ದೀಪಕ್ಕಿಂತ ಚೆನ್ನಾಗಿದೆ, ಮುಟ್ಟಿದರೆ ಕೈ ಸುಡುವುದೂ ಇಲ್ಲ.

ಇಷ್ಟು ಹೇಳಿದರೆ ನಮ್ಮ ಕ್ಲಾಸಿನವರು, "ಇದೆಲ್ಲ ಯಾಕೆ? ಚಾರ್ಜ್ ಮಾಡುವ ಎಲ್‌ಇಡಿ ದೀಪ ತಂದರೆ ಮುಗಿಯಿತಲ್ಲ" ಎನ್ನುತ್ತಾರೆ. ಹೆಚ್ಚುಕಡಿಮೆ ನಿಜ. ನೀಲಿ ಎಲ್‌ಇಡಿ ಕಂಡುಹಿಡಿದವರಿಗೆ 2014ರಲ್ಲಿ ಫಿಸಿಕ್ಸ್ ನೊಬೆಲ್, ಲಿಥಿಯಂ ಅಯಾನ್ ಬ್ಯಾಟರಿ ಬೆಳೆಸಿದವರಿಗೆ 2019ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. ಆ ಎರಡೂ ಸೇರಿ ಇವತ್ತು ಅಂಗೈಯಗಲದ ದೀಪವಾಗಿವೆ. ಒಳಗಿನ ಒಂದು ಸೆಲ್ 3.7 ವೋಲ್ಟಿನಷ್ಟು, ಶಾಕಿನ ಭಯವಿಲ್ಲ, ವೈರಿಲ್ಲ, ಹಿಂದೆ ಅಯಸ್ಕಾಂತ ಇರುವುದರಿಂದ ಕಬ್ಬಿಣಕ್ಕೆ ಅಂಟಿಸಿ ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಮಾಮು ಈಗ ಅಂಥದ್ದೊಂದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಆದರೆ ಚಾರ್ಜ್ ಯಾವಾಗ ಮುಗಿಯುತ್ತದೋ ಹೇಳಲಾಗದು, ಟ್ಯಾಂಕಿನೊಳಗೆ ಇದ್ದಕ್ಕಿದ್ದಂತೆ ಕತ್ತಲಾದರೆ ಅದೇ ಇನ್ನೊಂದು ಅಪಾಯ. ಬಿದ್ದು ಜಜ್ಜಿಹೋದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಮತ್ತೆ, ವೋಲ್ಟ್ ಕಡಿಮೆ ಎಂದ ಮಾತ್ರಕ್ಕೆ ಥಿನ್ನರ್, ಪೆಟ್ರೋಲ್ ಇದ್ದ ಟ್ಯಾಂಕಿಗೆ ಅದನ್ನು ಒಯ್ಯುವಂತಿಲ್ಲ. ಸ್ವಿಚ್ಚಿನ ಒಂದು ಕಿಡಿ ಸಾಕು. ಅಂಥ ಜಾಗಕ್ಕೆಂದೇ ಮಾಡಿದ ದೀಪಗಳು ಬೇರೆ ಇವೆ. ಅವುಗಳಲ್ಲಿ ಒಂದು ಬಗೆ ಗಾಳಿಯಿಂದ ಉರಿಯುತ್ತದೆ. ಕಂಪ್ರೆಸರಿನ ಗಾಳಿ ಪೈಪಿನಲ್ಲಿ ಬಂದು ದೀಪದೊಳಗಿನ ಪುಟ್ಟ ಟರ್ಬೈನನ್ನು ತಿರುಗಿಸುತ್ತದೆ, ಅದು ಅಲ್ಲೇ ಕರೆಂಟ್ ತಯಾರಿಸುತ್ತದೆ. ಹೊರಗಿನಿಂದ ಒಳಗೆ ಕರೆಂಟಿನ ವೈರೇ ಹೋಗುವುದಿಲ್ಲ. ಶಿವನಸಮುದ್ರದ ನೀರು ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ.

ಅಂಕಲ್ ಹೇಳಿದ ಇನ್ನೊಂದು ಮಾತನ್ನು ವಿಶೇಷವಾಗಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆಯವರು ಕೆಲಸಕ್ಕೆ ಹೋಗುವ ಸ್ನೇಹಿತರಿಗೆ ಹೇಳಬೇಕು. ಅಲ್ಲಿ ಗಾಜಿನ ಕಟ್ಟಡ, ದೊಡ್ಡ ಅಪಾರ್ಟ್‌ಮೆಂಟುಗಳ ಕೆಳಗೆ ಕೊಳಚೆ ನೀರು ಶುದ್ಧ ಮಾಡುವ ಟ್ಯಾಂಕುಗಳಿರುತ್ತವೆ. ಡೇವಿ ದೀಪದ ಜ್ವಾಲೆ ಬೆಳಕು ಮಾತ್ರ ಕೊಡುತ್ತಿರಲಿಲ್ಲ, ಸುದ್ದಿಯನ್ನೂ ಹೇಳುತ್ತಿತ್ತು. ಮೀಥೇನ್ ಇದ್ದರೆ ಜ್ವಾಲೆ ನೀಲಿ ಟೋಪಿ ಹಾಕಿಕೊಂಡು ಉದ್ದವಾಗುತ್ತಿತ್ತು, ಆಮ್ಲಜನಕ ಕಡಿಮೆಯಾದರೆ ಕುಗ್ಗಿ ಆರಿಹೋಗುತ್ತಿತ್ತು. ನಮ್ಮ ಎಲ್‌ಇಡಿ ದೀಪ ಏನನ್ನೂ ಹೇಳುವುದಿಲ್ಲ. ಉಸಿರಾಡಲು ಗಾಳಿಯೇ ಇಲ್ಲದ ಜಾಗದಲ್ಲೂ ಅದು ಅಷ್ಟೇ ಚೆನ್ನಾಗಿ ಉರಿಯುತ್ತದೆ. ಒಳಗೆ ಬೆಳಕು ಕಾಣುತ್ತಿದೆ ಎಂದು ಇಳಿಯಬಾರದು, ಬೆಂಕಿಕಡ್ಡಿ ಗೀರಿ ಪರೀಕ್ಷಿಸಲೂ ಬಾರದು. ಅಳೆಯುವ ಮೀಟರಿನಿಂದ ತಿಳಿದವರು ಒಳಗಿನ ಗಾಳಿ ಪರೀಕ್ಷಿಸಬೇಕು. ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು.

ಈಗ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಬ್ಬಾ ಈಗ ಎಲ್ಲಿಗೆ ಹೋದರೂ ತಮ್ಮ ಟ್ರಾನ್ಸ್‌ಫಾರ್ಮರನ್ನೇ ಒಯ್ಯುತ್ತಾರೆ, ಗಾಳಿ ಪರೀಕ್ಷೆಯಾಗದೆ ಯಾರನ್ನೂ ಇಳಿಸುವುದಿಲ್ಲ. ಅದಕ್ಕೆ ಸಮಯ ಹಿಡಿಯುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ಕಡೆಯ ಸೂಪರ್‌ವೈಸರ್, "ನಿಮ್ಮ ಡ್ರಾಮಾ ನೋಡ್ಕೊಂಡು ಕೂರೋಕೆ ಟೈಮಿಲ್ಲ, ಬೇರೆಯವರನ್ನ ಕರೆಸ್ತೀನಿ" ಎಂದು ಕೆಲಸವನ್ನು ಬೇರೆ ಶೆಡ್ಡಿಗೆ ಕೊಟ್ಟರು. ಆ ವಾರ ಬಿಲ್ ಬುಕ್ಕಿನಲ್ಲಿ ನಾನು ಬರೆಯಲು ಏನೂ ಇರಲಿಲ್ಲ. ಆ ಕೆಲಸಕ್ಕೆ ಹೋದ ಹುಡುಗರು ಯಾವ ದೀಪ ಹಿಡಿದು ಇಳಿದರೋ ಎಂದು ಅಬ್ಬಾ ಎರಡು ಮೂರು ಸಲ ಹೇಳಿಕೊಂಡರು. ಕೆಲಸ ಹೋದದ್ದಕ್ಕಿಂತ ಅದೇ ಅವರನ್ನು ಕಾಡಿತು. ಒಬ್ಬರು ಕೇಳಿದರೆ ಅದು ಡ್ರಾಮಾ, ಎಲ್ಲ ಶೆಡ್ಡಿನವರೂ ಕೇಳಿದರೆ ಅದು ಪದ್ಧತಿ.

ಅದಕ್ಕೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದ ಕೂಡಲೇ ನಮ್ಮಲ್ಲಿ ಕೆಲವು ಅಣ್ಣತಮ್ಮಂದಿರು ಗ್ಯಾರೇಜು, ಶೆಡ್ಡುಗಳ ಕೆಲಸಕ್ಕೆ ಸೇರುತ್ತಾರೆ. ಹೊಸಬರಾದ್ದರಿಂದ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ. ಆದರೂ ಕೈಗೆ ದೀಪ ಕೊಟ್ಟಾಗ, "ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ ಅಣ್ಣ?" ಎಂದು ಕೇಳಿ. ವೈರನ್ನು ಹಿಡಿಯಿಂದ ಪ್ಲಗ್ಗಿನವರೆಗೆ ಕಣ್ಣಾಡಿಸಿ ನೋಡಿ, ಅದೂ ಪ್ಲಗ್ ಹಾಕುವ ಮೊದಲೇ. ಗೋಡೆಯಿಂದ ನೇರ 230 ಬರುತ್ತಿದ್ದರೆ ಅದನ್ನು ಹಿಡಿದು ಕಬ್ಬಿಣದ ಟ್ಯಾಂಕಿಗೆ ಇಳಿಯಬೇಡಿ. ಪ್ಲಗ್ ಎಲ್ಲಿದೆ, ಅದನ್ನು ಕೀಳುವವರು ಯಾರು ಎಂದು ಇಳಿಯುವ ಮೊದಲೇ ತಿಳಿದುಕೊಳ್ಳಿ.

ಇವತ್ತು ಸಂಜೆ ಮನೆಗೆ ಹೋದಾಗ ನಿಮ್ಮ ಅಬ್ಬಾ, ಅಪ್ಪ, ಮಾಮು, ಅಣ್ಣ ಯಾರೇ ಇರಲಿ, ಅವರನ್ನೂ ಕೇಳಿ ನೋಡಿ. ಒಂದು ಟ್ಯಾಂಕಿನ ಕೆಲಸ ಬಂದಿದೆ, 24 ವೋಲ್ಟಿನ ದೀಪವಿಲ್ಲ ಎಂದರೆ ನನ್ನನ್ನು ಎರಡನೇ ಪಿಯುಸಿ ವಿಜ್ಞಾನ ತರಗತಿಯಲ್ಲಿ ಬಂದು ಕಾಣಿ. ಟ್ರಾನ್ಸ್‌ಫಾರ್ಮರನ್ನು ಒಂದು ದಿನದ ಮಟ್ಟಿಗೆ ಯಾರಿಗೆ ಬೇಕಾದರೂ ಬಾಡಿಗೆಯಿಲ್ಲದೆ ಕೊಡುತ್ತೇನೆ ಎಂದು ಅಬ್ಬಾ ಹೇಳಿದ್ದಾರೆ. ವಾಪಸು ಕೊಡುವಾಗ ವೈರನ್ನು ಸರಿಯಾಗಿ ಸುತ್ತಿ ಕೊಟ್ಟರೆ ಸಾಕಂತೆ.